ಅಳಿಸಿದ ಒಂದು ಸಾಲು: ಕರ್ನಲ್ ಡ್ರೈವರ್‌ನ ಕ್ಲಾಕ್ ಪ್ಯಾಚ್ ರಿವ್ಯೂ ಮಾಡಿದ ಪ್ರಕರಣ

ಇದು ಲಿನಕ್ಸ್ ಕರ್ನಲ್‌ಗೆ ಬಂದ, ನಾನೇ ರಿವ್ಯೂ ಮಾಡಿದ ಒಂದು ಪ್ಯಾಚ್‌ನ (ಕೋಡ್ ಬದಲಾವಣೆಯ) ಕಥೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಡ್ರೈವರ್ ಅಂದರೆ ಅದರೊಳಗೆ ಒಂದು ಹಾರ್ಡ್‌ವೇರ್ ಘಟಕವನ್ನು ನಡೆಸುವ ಕೋಡ್. ಡ್ರೈವರ್ ಯಾವುದು, ಚಿಪ್ ಯಾರದ್ದು, ಪ್ಯಾಚ್ ಬರೆದವರು ಯಾರು ಅನ್ನುವುದನ್ನು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ತಪ್ಪು ಹೇಗೆ ನುಸುಳಿತು, ಎಲ್ಲಿ ಸಿಕ್ಕಿಬಿತ್ತು ಅನ್ನುವುದು ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಡ್ರೈವರ್ ಬರೆಯುವವರ ಮಾತಿನಲ್ಲಿ ಕ್ಲಾಕ್ ಅಂದರೆ ಹೊತ್ತು ತೋರಿಸುವ ಗಡಿಯಾರ ಅಲ್ಲ. ಚಿಪ್ ಒಳಗಿನ ಪ್ರತಿ ಘಟಕವೂ ಹೆಜ್ಜೆ ಹಾಕಲು ಬೇಕಾದ ಮಿಡಿತ ಅದು. ಮಿಡಿತ ನಿಲ್ಲಿಸಿದರೆ ಆ ಘಟಕ ಸುಮ್ಮನಾಗುತ್ತದೆ, ವಿದ್ಯುತ್ ಉಳಿಯುತ್ತದೆ. ಆದರೆ ಮಿಡಿತ ನಿಂತಿರುವಾಗ ಅದರ ರಿಜಿಸ್ಟರ್ (ಘಟಕವನ್ನು ನಡೆಸಲು ಓದಿ ಬರೆಯುವ ಸಣ್ಣ ಜಾಗ) ಮುಟ್ಟಿದರೆ ಕಷ್ಟ. ಕೆಲವು ಚಿಪ್‌ಗಳು ಬಸ್ ಎರರ್ ಕೊಡುತ್ತವೆ. ಇನ್ನು ಕೆಲವದರಲ್ಲಿ ಪ್ರೊಸೆಸರ್ ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತುಬಿಡುತ್ತದೆ.

ಲಿನಕ್ಸ್‌ನಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಕಾಮನ್ ಕ್ಲಾಕ್ ಫ್ರೇಮ್‌ವರ್ಕ್. ಇದು 2012ರಲ್ಲಿ, ಕರ್ನಲ್ 3.4ರ ಜೊತೆ ಬಂತು. ಪ್ರತಿ ಕ್ಲಾಕ್‌ಗೂ ಎರಡು ಎಣಿಕೆ ಇರುತ್ತದೆ: ಪ್ರಿಪೇರ್ ಒಂದು, ಎನೇಬಲ್ ಒಂದು. ಪ್ರಿಪೇರ್ ಮಾಡುವಾಗ ಕೋಡ್ ನಿದ್ದೆಗೆ ಹೋಗಬಹುದು. ಎನೇಬಲ್ ಹಾಗೆ ಮಾಡುವಂತಿಲ್ಲ, ಯಾಕೆಂದರೆ ಅದನ್ನು ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರ್‌ನ ಗಮನ ಸೆಳೆಯಲು ಕಳಿಸುವ ಸಂಕೇತ) ನಿಭಾಯಿಸುವ ಕೋಡ್ ಒಳಗಿನಿಂದಲೂ ಕರೆಯಬಹುದು. ಹೆಚ್ಚಿನ ಡ್ರೈವರ್‌ಗಳು ಎರಡನ್ನೂ ಒಟ್ಟಿಗೆ ಮಾಡುವ ಫಂಕ್ಷನ್ ಬಳಸುತ್ತವೆ. ಒಮ್ಮೆ ಆನ್ ಮಾಡಿದರೆ ಎಣಿಕೆ ಒಂದು ಏರುತ್ತದೆ, ಆಫ್ ಮಾಡಿದರೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದಾಗ ಮಾತ್ರ ಮಿಡಿತ ತಡೆಯುವ ಗೇಟ್ ನಿಜವಾಗಿ ಮುಚ್ಚುತ್ತದೆ.

ಮುಂದಿನ ಕಥೆಗೆಲ್ಲ ಬೇಕಾದ ಒಂದು ಮಾತು ಇಲ್ಲಿದೆ. ಈ ಎಣಿಕೆ ಕ್ಲಾಕ್‌ನದ್ದು, ಡ್ರೈವರ್‌ನದ್ದಲ್ಲ. ಮೂರು ಡ್ರೈವರ್‌ಗಳು ಒಂದೇ ಕ್ಲಾಕ್ ಹಂಚಿಕೊಂಡರೆ ಎಣಿಕೆ ಒಂದೇ. ಯಾರು ಎಷ್ಟು ಏರಿಸಿದರು ಅನ್ನುವ ಲೆಕ್ಕವನ್ನು ಫ್ರೇಮ್‌ವರ್ಕ್ ಬೇರೆ ಬೇರೆಯಾಗಿ ಇಡುವುದಿಲ್ಲ.

ನಮ್ಮ ಡ್ರೈವರ್ ಒಂದು ಎಸ್‌ಪಿಐ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಸಂಪರ್ಕ) ಕಂಟ್ರೋಲರ್‌ನದ್ದು. ಅದಕ್ಕೆ ಇರುವುದು ಒಂದೇ ಕ್ಲಾಕ್. ರಿಜಿಸ್ಟರ್ ಓದಲಿಕ್ಕೂ ಅದೇ ಬೇಕು, ಡೇಟಾ ಕಳಿಸಲಿಕ್ಕೂ ಅದೇ. ಡ್ರೈವರ್ ಸಾಧನಕ್ಕೆ ಸೇರಿಕೊಳ್ಳುವಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ಕ್ಲಾಕ್ ಆನ್ ಆಗುತ್ತದೆ. ಕೆಲಸ ಇಲ್ಲದಾಗ ರನ್‌ಟೈಮ್ ಪಿಎಂ (ಸುಮ್ಮನಿರುವ ಸಾಧನವನ್ನು ಮಲಗಿಸಿ ವಿದ್ಯುತ್ ಉಳಿಸುವ ಕರ್ನಲ್ ವ್ಯವಸ್ಥೆ) ಸಸ್ಪೆಂಡ್ ಕರೆದು ಆಫ್ ಮಾಡುತ್ತದೆ, ಕೆಲಸ ಬಂದಾಗ ರೆಸ್ಯೂಮ್ ಕರೆದು ಆನ್ ಮಾಡುತ್ತದೆ. ಡ್ರೈವರ್ ಹಳೆಯದು, ತಕರಾರಿಲ್ಲದೆ ನಡೆಯುತ್ತಿತ್ತು.

ಬಂದ ಪ್ಯಾಚ್

2022ರಲ್ಲಿ ಕರ್ನಲ್‌ಗೆ ಡೆವ್‌ಎಂ_ಕ್ಲಾಕ್_ಗೆಟ್_ಎನೇಬಲ್ಡ್ ಅನ್ನುವ ಫಂಕ್ಷನ್ ಸೇರಿತು. ಡೆವ್‌ಎಂ ಅಂದರೆ ಡ್ರೈವರ್ ಪಡೆದುಕೊಂಡದ್ದನ್ನು ಅದು ಕಳಚಿದಾಗ ತಾನಾಗಿ ವಾಪಸ್ ಮಾಡುವ ವ್ಯವಸ್ಥೆ. ಕ್ಲಾಕ್ ತಂದುಕೊಡುವುದು, ಆನ್ ಮಾಡುವುದು, ಡ್ರೈವರ್ ಕಳಚಿದಾಗ ತಾನೇ ಆಫ್ ಮಾಡಿ ವಾಪಸ್ ಕೊಡುವುದು, ಮೂರೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಪ್ರೋಬ್‌ನಲ್ಲಿ ಸಾಲುಸಾಲಾಗಿ ಬರೆಯುತ್ತಿದ್ದ ಎರರ್ ಲೇಬಲ್‌ಗಳು (ನಡುವೆ ಎರರ್ ಬಂದರೆ ಹಾರಿ ಹೋಗಿ ಮಾಡಿದ್ದನ್ನು ಬಿಚ್ಚುವ ಜಾಗಗಳು) ಬೇಕಾಗುವುದಿಲ್ಲ. ನನಗೆ ಈ ಫಂಕ್ಷನ್ ಇಷ್ಟ. ಎಷ್ಟೋ ಡ್ರೈವರ್‌ಗಳಲ್ಲಿ ಎರರ್ ದಾರಿಯಲ್ಲಿ ಕ್ಲಾಕ್ ಆಫ್ ಮಾಡಲು ಮರೆತ ತಪ್ಪುಗಳು ಇದರಿಂದ ಸರಿಹೋಗಿವೆ.

ಬಂದ ಪ್ಯಾಚ್ ಮಾಡಿದ್ದು ಇದನ್ನೇ. ಹಳೆಯ ಗೆಟ್, ಎನೇಬಲ್ ಸಾಲುಗಳು ಹೋಗಿ ಹೊಸ ಸಾಲು ಬಂತು. ಲೇಬಲ್‌ಗಳು ಹೋದವು. ರನ್‌ಟೈಮ್ ಪಿಎಂ ಎನೇಬಲ್ ಕೂಡ ಡೆವ್‌ಎಂ ಆವೃತ್ತಿಗೆ ಬದಲಾಯಿತು. ಇನ್ನು ಡ್ರೈವರ್ ಕಳಚುವಾಗ ಓಡುವ ರಿಮೂವ್ ಫಂಕ್ಷನ್‌ಗೆ ಕೆಲಸವೇ ಉಳಿದಿಲ್ಲ ಅಂತ ಅದನ್ನು ಪೂರ್ತಿ ತೆಗೆದಿದ್ದರು. ವಿವರಣೆಯಲ್ಲಿ ಹೀಗಿತ್ತು: ಕೋಡ್ ಸರಳಗೊಳಿಸಲಾಗಿದೆ, ನಡವಳಿಕೆಯಲ್ಲಿ ಬದಲಾವಣೆ ಇಲ್ಲ, ಬೋರ್ಡ್ ಮೇಲೆ ಲೋಡ್ ಮತ್ತು ಅನ್‌ಲೋಡ್ ಮಾಡಿ ನೋಡಿದೆ.

ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಲು ಚೆಂದವಿತ್ತು. ಅಳಿಸಿದ ಕೆಂಪು ಸಾಲು ಜಾಸ್ತಿ, ಸೇರಿಸಿದ ಹಸಿರು ಸಾಲು ಕಡಿಮೆ. ಒಪ್ಪಿಗೆ ಬರೆಯಲು ಕೈ ಹಾಕಿದ್ದೆ.

ನನ್ನನ್ನು ತಡೆದಿದ್ದು ಒಂದು ಅಭ್ಯಾಸ. ಕ್ಲಾಕ್ ಪ್ಯಾಚ್ ಬಂದಾಗ ಡಿಫ್ ಮುಚ್ಚಿಟ್ಟು ಇಡೀ ಫೈಲ್ ತೆರೆಯುತ್ತೇನೆ. ಆ ಕ್ಲಾಕ್ ಆಫ್ ಆಗುವ ಜಾಗಗಳನ್ನೆಲ್ಲ ಹುಡುಕುತ್ತೇನೆ. ಇಲ್ಲಿ ಸಿಕ್ಕಿದ್ದು ಒಂದೇ ಜಾಗ: ರನ್‌ಟೈಮ್ ಸಸ್ಪೆಂಡ್. ಪ್ಯಾಚ್ ಅದನ್ನು ಮುಟ್ಟಿರಲಿಲ್ಲ, ಹಾಗಾಗಿ ಡಿಫ್‌ನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಅಂದರೆ ಈಗ ಕ್ಲಾಕ್ ಆಫ್ ಮಾಡುವವರು ಇಬ್ಬರು. ಒಂದು ಸಸ್ಪೆಂಡ್, ಇನ್ನೊಂದು ಕಣ್ಣಿಗೆ ಕಾಣದ ಡೆವ್‌ಎಂ.

ಹಳೆಯ ರಿಮೂವ್ ಫಂಕ್ಷನ್‌ಗೆ ವಾಪಸ್ ಹೋದೆ. ಅದರ ಮೊದಲ ಸಾಲು ಪಿಎಂ_ರನ್‌ಟೈಮ್_ಗೆಟ್_ಸಿಂಕ್. ಮಲಗಿದ್ದರೆ ಎಬ್ಬಿಸು ಅಂತ ಅದರ ಅರ್ಥ. ಆಮೇಲೆ ಕ್ಲಾಕ್ ಆಫ್. ಮೊದಲು ಎಬ್ಬಿಸಿದ್ದರಿಂದ ಎಣಿಕೆ ಖಂಡಿತ ಒಂದು ಇರುತ್ತಿತ್ತು, ಆಫ್ ಮಾಡಿದಾಗ ಸೊನ್ನೆ ಆಗುತ್ತಿತ್ತು. ಎಬ್ಬಿಸುವ ಆ ಸಾಲು ಈಗ ರಿಮೂವ್ ಜೊತೆಗೇ ಹೋಗಿತ್ತು.

ಈ ಬಗ್ಗೆ ಪ್ಯಾಚ್ ಬರೆದವರನ್ನು ಕೇಳಿದೆ. ಅವರ ಉತ್ತರ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಡ್ರೈವರ್ ಕಳಚುವ ಮೊದಲು ಡ್ರೈವರ್ ಕೋರ್ (ಡ್ರೈವರ್‌ಗಳನ್ನು ಸಾಧನಕ್ಕೆ ಜೋಡಿಸಿ ಕಳಚುವ ಕರ್ನಲ್ ಭಾಗ) ತಾನೇ ಗೆಟ್_ಸಿಂಕ್ ಕರೆದು ಸಾಧನವನ್ನು ಎಬ್ಬಿಸುತ್ತದೆ, ಹಾಗಾಗಿ ರಿಮೂವ್‌ನಲ್ಲಿ ಆ ಸಾಲು ಎರಡನೇ ಸಲ ಬೇಕಿಲ್ಲ ಅಂದರು. ಕೋರ್‌ನ ಕೋಡ್ ಓದಿ ಬಂದು ಹೇಳುತ್ತಿದ್ದರು. ಇಂಥ ಉತ್ತರ ಬಂದಾಗ ನಾನೂ ಕೂತು ಅದೇ ಕೋಡ್ ಓದಬೇಕು, ಅಲ್ವಾ?

ಓದಿದೆ. ಅವರು ಹೇಳಿದ್ದು ಅರ್ಧ ಸರಿ. ಕೋರ್ ಎಬ್ಬಿಸುವುದು ನಿಜ. ಆದರೆ ಡ್ರೈವರ್ ಕಳಚುತ್ತಿದೆ ಅನ್ನುವ ನೋಟಿಫಿಕೇಶನ್ ಕಳಿಸಿದ ಮೇಲೆ, ರಿಮೂವ್ ಕರೆಯುವ ಮೊದಲೇ, ಪುಟ್_ಸಿಂಕ್ ಕರೆದು ಕೈ ಬಿಡುತ್ತದೆ. ಬೇರೆ ಯಾರೂ ಹಿಡಿದುಕೊಂಡಿಲ್ಲ ಅಂದರೆ ನಮ್ಮ ಸಾಧನ ಅಲ್ಲೇ ಮತ್ತೆ ಮಲಗುತ್ತದೆ. ಇದು ಕಣ್ತಪ್ಪಿ ಆಗಿದ್ದಲ್ಲ. ಇದರಿಂದಾಗಿ ರಿಮೂವ್ ಮತ್ತು ರನ್‌ಟೈಮ್ ಪಿಎಂ ನಡುವಿನ ಪೈಪೋಟಿಯನ್ನು ಡ್ರೈವರೇ ನೋಡಿಕೊಳ್ಳಬೇಕು ಅಂತ ಕರ್ನಲ್‌ನ ರನ್‌ಟೈಮ್ ಪಿಎಂ ದಾಖಲೆಯಲ್ಲೇ ಬರೆದಿದೆ.

ಕಾಗದದ ಮೇಲಿನ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಬರೆದೆ. ಪ್ರೋಬ್: ಎಣಿಕೆ 1. ಕೆಲಸ ಇಲ್ಲ, ಮಲಗಿತು: 0. ಅನ್‌ಲೋಡ್ ಶುರು, ಕೋರ್ ಎಬ್ಬಿಸಿತು: 1. ಕೋರ್ ಕೈ ಬಿಟ್ಟಿತು, ಮಲಗಿತು: 0. ಡೆವ್‌ಎಂ ಬಂದು ಆಫ್ ಮಾಡಲು ಹೋಯಿತು. ಇಳಿಸಲು ಎಣಿಕೆಯೇ ಇಲ್ಲ.

ಹಾಗಾದರೆ ಅವರ ಪರೀಕ್ಷೆಯಲ್ಲಿ ಯಾಕೆ ಸಿಕ್ಕಲಿಲ್ಲ? ನನಗೆ ಇದೇ ಜಾಸ್ತಿ ಕಾಡಿತು. ಪರೀಕ್ಷೆ ಮಾಡಿದ್ದೇನೆ ಅಂದವರು ಸುಳ್ಳು ಹೇಳಿರಲಿಲ್ಲ. ಮೂರು ಸಲ ಪತ್ರ ಓಡಾಡಿದ ಮೇಲೆ ಕಾರಣ ಸಿಕ್ಕಿತು. ಅವರ ಬೋರ್ಡ್‌ನಲ್ಲಿ ಬೂಟ್ ಆದಾಗ ಓಡುವ ಒಂದು ಸ್ಕ್ರಿಪ್ಟ್ ಇತ್ತು. ಬೋರ್ಡ್ ಹೊಸದಾಗಿದ್ದ ದಿನಗಳಲ್ಲಿ ಯಾರೋ ಬರೆದಿದ್ದು. ಅದು ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳ ಸೆಟ್ಟಿಂಗ್‌ಗಳನ್ನು ಕರ್ನಲ್ ಫೈಲ್‌ಗಳಾಗಿ ತೋರಿಸುವ ಜಾಗ) ಎಲ್ಲ ಸಾಧನಗಳ ಪವರ್ ಕಂಟ್ರೋಲ್ ಫೈಲ್‌ಗೆ ‘ಆನ್’ ಅಂತ ಬರೆಯುತ್ತಿತ್ತು. ಹಾಗೆ ಬರೆದರೆ ಸಾಧನ ಮಲಗುವುದೇ ಇಲ್ಲ. ಮಲಗದಿದ್ದರೆ ಎಣಿಕೆ ಕೊನೆತನಕ 1, ಡೆವ್‌ಎಂ ಅದನ್ನು 0 ಮಾಡುತ್ತದೆ, ಎಲ್ಲ ಸರಿ. ಆ ಬೋರ್ಡ್ ಮೇಲೆ ನೂರು ಸಲ ಅನ್‌ಲೋಡ್ ಮಾಡಿದರೂ ಈ ತಪ್ಪು ಕಾಣುತ್ತಿರಲಿಲ್ಲ.

ಆ ಫೈಲ್‌ಗೆ ‘ಆಟೋ’ ಅಂತ ಬರೆದು ಮತ್ತೆ ನೋಡಿ ಅಂದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮೊದಲ ಅನ್‌ಲೋಡ್‌ಗೇ ಲಾಗ್ ತುಂಬ ಎಚ್ಚರಿಕೆ: ಕ್ಲಾಕ್ ‘ಆಲ್‌ರೆಡಿ ಡಿಸೇಬಲ್ಡ್’, ಅದರ ಹಿಂದೆಯೇ ‘ಆಲ್‌ರೆಡಿ ಅನ್‌ಪ್ರಿಪೇರ್ಡ್’.

ಎಚ್ಚರಿಕೆ ಬರದ ಬೋರ್ಡ್

ಇಲ್ಲಿಗೆ ನಿಲ್ಲಿಸಬಹುದಿತ್ತು. ಎಚ್ಚರಿಕೆ ಬರುತ್ತದೆ, ಸರಿಮಾಡಿ ಅನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಆದರೆ ‘ಬರೀ ಎಚ್ಚರಿಕೆ ತಾನೇ’ ಅಂದುಕೊಳ್ಳುವವರು ತುಂಬ ಮಂದಿ. ಹಾಗಾಗಿ ನನ್ನ ಹತ್ತಿರ ಇದ್ದ, ಅದೇ ಕಂಟ್ರೋಲರ್ ಇರುವ ಹಳೆಯ ಚಿಪ್‌ನ ಬೋರ್ಡ್ ತೆಗೆದೆ. ಆ ಚಿಪ್‌ನಲ್ಲಿ ಒಂದೊಂದು ಘಟಕಕ್ಕೆ ಒಂದೊಂದು ಗೇಟ್ ಇಲ್ಲ. ಒಂದು ಗುಂಪಿಗೆಲ್ಲ ಒಂದೇ ಗೇಟ್. ನಮ್ಮ ಎಸ್‌ಪಿಐ ಇರುವ ಗುಂಪಿನಲ್ಲೇ ಸೀರಿಯಲ್ ಪೋರ್ಟ್ ಕೂಡ ಇದೆ. ಆಜ್ಞೆ ಕೊಟ್ಟು ಸಂದೇಶ ನೋಡುವ ಕನ್ಸೋಲ್ ಓಡುವುದು ಅದರ ಮೇಲೆ.

ಸೀರಿಯಲ್ ಕನ್ಸೋಲ್‌ನಲ್ಲಿ ಅನ್‌ಲೋಡ್ ಆಜ್ಞೆ ಕೊಟ್ಟೆ. ಎಂಟರ್ ಒತ್ತಿದೆ. ಕರ್ಸರ್ ಮುಂದಿನ ಸಾಲಿಗೆ ಹೋಗಿ ನಿಂತಿತು. ಪ್ರಾಂಪ್ಟ್ ವಾಪಸ್ ಬರಲಿಲ್ಲ. ಎಚ್ಚರಿಕೆ ಇಲ್ಲ, ಊಪ್ಸ್ (ಕರ್ನಲ್ ಒಳಗೆ ದೊಡ್ಡ ತಪ್ಪಾದಾಗ ಬರುವ ವರದಿ) ಇಲ್ಲ, ಏನೂ ಇಲ್ಲ. ಪವರ್ ತೆಗೆದು ಹಾಕಬೇಕಾಯಿತು.

ಎರಡನೇ ಸಲ ನೆಟ್‌ವರ್ಕ್ ಮೂಲಕ ಲಾಗಿನ್ ಆದೆ. ಕನ್ಸೋಲ್‌ಗೆ ಕರ್ನಲ್ ಏನೂ ಬರೆಯದ ಹಾಗೆ ಮಾಡಿದೆ. ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಕ್ಲಾಕ್ ಸಮ್ಮರಿ ಅನ್ನುವ ಫೈಲ್ ಇದೆ. ಪ್ರತಿ ಕ್ಲಾಕ್‌ಗೂ ಒಂದು ಸಾಲು, ಅದರಲ್ಲಿ ಎನೇಬಲ್ ಎಣಿಕೆ, ಪ್ರಿಪೇರ್ ಎಣಿಕೆ, ವೇಗ ಎಲ್ಲ ಇರುತ್ತದೆ. ಎಸ್‌ಪಿಐ ಮಲಗಿದ್ದಾಗ ಗೇಟ್‌ನ ಎಣಿಕೆ 1. ಅದು ಸೀರಿಯಲ್ ಪೋರ್ಟ್‌ನದ್ದು. ಅನ್‌ಲೋಡ್ ಮಾಡಿದೆ. ಮತ್ತೆ ಓದಿದೆ. ಎಣಿಕೆ 0.

ಆಗಿದ್ದು ಇಷ್ಟು: ನಮ್ಮ ಡ್ರೈವರ್ ತನ್ನದಲ್ಲದ ಒಂದು ಎಣಿಕೆಯನ್ನು ಕದ್ದಿತ್ತು. ಎಣಿಕೆ 1 ಇದ್ದದ್ದರಿಂದ ಫ್ರೇಮ್‌ವರ್ಕ್‌ಗೆ ತಪ್ಪೇನೂ ಕಾಣಲಿಲ್ಲ. ಇಳಿಸು ಅಂದರು, ಇಳಿಸಿತು. ಸೊನ್ನೆ ಆಯಿತು, ಗೇಟ್ ಮುಚ್ಚಿತು. ಬೇರೆ ಯಾರದೋ ಹಾರ್ಡ್‌ವೇರ್ ನಿಂತುಹೋಯಿತು. ಎಚ್ಚರಿಕೆ ಬರುವುದು ಎಣಿಕೆ ಮೊದಲೇ ಸೊನ್ನೆ ಇದ್ದಾಗ ಮಾತ್ರ. ಹಾಗಾಗಿ ಎಚ್ಚರಿಕೆ ಬಂದ ಬೋರ್ಡ್‌ನವರು ಪುಣ್ಯವಂತರು. ಬರದ ಬೋರ್ಡ್‌ನವರು ಸೀರಿಯಲ್ ಡ್ರೈವರ್‌ನಲ್ಲಿ ತಪ್ಪು ಹುಡುಕುತ್ತಾ ವಾರಗಟ್ಟಲೆ ಕೂರಬೇಕಾಗುತ್ತಿತ್ತು. ಆ ವಾರಗಳನ್ನು ಉಳಿಸುವುದಕ್ಕೇ ರಿವ್ಯೂ ಇರುವುದು ಅಂತ ನನ್ನ ನಂಬಿಕೆ.

ಈ ಎರಡು ಓದುಗಳನ್ನು ಹಾಗೇ ಉತ್ತರದಲ್ಲಿ ಅಂಟಿಸಿ ಕಳಿಸಿದೆ. ಅಲ್ಲಿಂದ ಮುಂದೆ ವಾದ ನಡೆಯಲಿಲ್ಲ. ಕೆಲಸ ನಡೆಯಿತು.

ಪ್ರಯತ್ನಿಸಿದ ದಾರಿಗಳು

ಎರಡನೇ ಆವೃತ್ತಿಯಲ್ಲಿ ಅವರು ಸಸ್ಪೆಂಡ್ ಮತ್ತು ರೆಸ್ಯೂಮ್‌ನಿಂದ ಕ್ಲಾಕ್ ಸಾಲುಗಳನ್ನೇ ತೆಗೆದರು. ಲೆಕ್ಕ ಸರಿಹೋಯಿತು. ಆದರೆ ಸಾಧನ ಮಲಗಿದ್ದಾಗಲೂ ಮಿಡಿತ ಓಡುತ್ತಲೇ ಇರುತ್ತದೆ. ಬ್ಯಾಟರಿ ಮೇಲೆ ಓಡುವ ಸಾಧನಗಳಲ್ಲಿ ಈ ಚಿಪ್ ಇದೆ. ಕೋಡ್ ಚೊಕ್ಕ ಮಾಡುತ್ತೇನೆ ಅಂತ ಹೊರಟು ವಿದ್ಯುತ್ ಉಳಿಸುವ ಕೆಲಸವನ್ನೇ ಕಿತ್ತುಹಾಕಿದ ಹಾಗಾಯಿತು. ಬೇಡ ಅಂದೆ.

ಮೂರನೆಯದರಲ್ಲಿ ರಿಮೂವ್ ವಾಪಸ್ ಬಂತು. ಒಳಗೆ ಎಬ್ಬಿಸುವ ಸಾಲು, ಆಮೇಲೆ ರನ್‌ಟೈಮ್ ಪಿಎಂ ನಿಲ್ಲಿಸುವ ಸಾಲು. ಕ್ಲಾಕ್ ಆಫ್ ಮಾಡುವುದು ಡೆವ್‌ಎಂ ಪಾಲಿಗೆ. ಇದು ಬಹುತೇಕ ಸರಿ. ನಾನು ಕೇಳಿದ್ದು ಒಂದೇ ಪ್ರಶ್ನೆ: ಎಬ್ಬಿಸಲು ಆಗದಿದ್ದರೆ? ರೆಸ್ಯೂಮ್‌ನಲ್ಲಿ ಕ್ಲಾಕ್ ಆನ್ ಆಗದೆ ಎರರ್ ಬಂದರೆ ಎಣಿಕೆ 0 ಇರುವಾಗಲೇ ಡೆವ್‌ಎಂ ಬರುತ್ತದೆ. ಆಮೇಲೆ ಅದೇ ಕಳ್ಳತನ. ಅಪರೂಪ, ಒಪ್ಪುತ್ತೇನೆ. ಆದರೆ ಈಗಾಗಲೇ ಒಂದು ಅಪರೂಪದಿಂದ ಬೋರ್ಡ್ ನಿಂತದ್ದನ್ನು ಇಬ್ಬರೂ ನೋಡಿದ್ದೆವು.

ಇಲ್ಲಿ ಅವರೇ ಒಂದು ಮಾತು ಬರೆದರು. ಆ ಮಾತಿನಿಂದ ದಾರಿ ತಿರುಗಿತು. “ಕ್ಲಾಕ್ ಆಫ್ ಮಾಡಬೇಕೋ ಬೇಡವೋ ಅಂತ ತಿಳಿದಿರುವುದು ರನ್‌ಟೈಮ್ ಪಿಎಂಗೆ ಮಾತ್ರ. ಡೆವ್‌ಎಂಗೆ ಅದು ಗೊತ್ತಾಗುವುದೇ ಇಲ್ಲ. ಕೇಳಿ ಆಫ್ ಮಾಡಿದರೆ ಆಗುವುದಿಲ್ಲವೇ?” ಆಗುತ್ತದೆ.

ನಾಲ್ಕನೇ ಆವೃತ್ತಿ ಹೀಗಿತ್ತು. ಕ್ಲಾಕ್ ತರುವುದು ಮಾತ್ರ ಡೆವ್‌ಎಂ, ಆನ್ ಮಾಡುವುದು ಪ್ರೋಬ್‌ನ ಸಾಲು. ರನ್‌ಟೈಮ್ ಪಿಎಂಗೆ ಸಾಧನ ಎದ್ದಿದೆ ಅಂತ ಹೇಳಿ ಎನೇಬಲ್ ಮಾಡುವುದು. ಕಳಚುವಾಗ ಓಡಬೇಕಾದ ಒಂದು ಸಣ್ಣ ಫಂಕ್ಷನ್ ಬರೆದು ಅದನ್ನು ಡೆವ್‌ಎಂ ಆ್ಯಕ್ಷನ್ ಆಗಿ ಸೇರಿಸುವುದು. ಆ ಫಂಕ್ಷನ್ ಮೊದಲು ರನ್‌ಟೈಮ್ ಪಿಎಂ ನಿಲ್ಲಿಸುತ್ತದೆ. ಆಮೇಲೆ ಸಾಧನ ಮಲಗಿದೆಯಾ ಅಂತ ಕೇಳುತ್ತದೆ. ಮಲಗಿಲ್ಲದಿದ್ದರೆ ಮಾತ್ರ ಕ್ಲಾಕ್ ಆಫ್ ಮಾಡುತ್ತದೆ. ಕರ್ನಲ್ ಕಟ್ಟುವಾಗ ಪಿಎಂ ಆಯ್ಕೆಯೇ ಇಲ್ಲದಿದ್ದರೂ ಇದು ನಡೆಯುತ್ತದೆ. ಆಗ ಮಲಗಿದೆಯಾ ಅಂದರೆ ಯಾವಾಗಲೂ ಇಲ್ಲ ಅನ್ನುವ ಉತ್ತರ ಬರುತ್ತದೆ, ಪ್ರೋಬ್ ಆನ್ ಮಾಡಿದ್ದು ಇಲ್ಲಿ ಆಫ್ ಆಗುತ್ತದೆ. ಪ್ರೋಬ್ ನಡುವೆಯೇ ಎರರ್ ಬಂದರೂ ಅದೇ ಫಂಕ್ಷನ್ ಓಡುತ್ತದೆ. ಆನ್ ಮಾಡುವುದನ್ನು ರೆಸ್ಯೂಮ್‌ಗೇ ಬಿಡೋಣ ಅಂತ ನಾನು ಒಮ್ಮೆ ಹೇಳಿದ್ದೆ. ಪಿಎಂ ಇಲ್ಲದ ಕರ್ನಲ್‌ನಲ್ಲಿ ರೆಸ್ಯೂಮ್ ಕರೆಯುವವರೇ ಇರುವುದಿಲ್ಲ, ಆದರೂ ಎಬ್ಬಿಸುವ ಫಂಕ್ಷನ್ ಯಶಸ್ಸು ಅಂತಲೇ ಹೇಳುತ್ತದೆ ಅಂತ ಅವರು ತೋರಿಸಿದರು. ಆ ಸಲಹೆ ಹಿಂದೆಗೆದೆ.

ಹಳೆಯ ಕೋಡ್‌ನಲ್ಲೇ ಇದ್ದ ತಪ್ಪು

ಇಷ್ಟರ ನಡುವೆ ಇನ್ನೊಂದು ಸಂಗತಿ ಹೊರಬಂತು. ಮೊದಲ ಪ್ಯಾಚ್ ತಪ್ಪಾಗಿದ್ದರೂ ಅದು ಒಂದು ಹಳೆಯ ತಪ್ಪನ್ನು ಸರಿ ಮಾಡಿತ್ತು. ಬರೆದವರಿಗೂ ಅದು ಗೊತ್ತಿರಲಿಲ್ಲ.

ಡೆವ್‌ಎಂ ಪಡೆದುಕೊಂಡದ್ದನ್ನು ಹಿಂದುಮುಂದಾಗಿ ವಾಪಸ್ ಕೊಡುತ್ತದೆ. ಕೊನೆಗೆ ಬಂದದ್ದು ಮೊದಲು ಹೋಗುತ್ತದೆ. ಮತ್ತೆ ಇದೆಲ್ಲ ನಡೆಯುವುದು ರಿಮೂವ್ ಮುಗಿದ ಮೇಲೆ. ಹಳೆಯ ಡ್ರೈವರ್‌ನಲ್ಲಿ ಇಂಟರಪ್ಟ್ ಡೆವ್‌ಎಂ ಕೈಯಲ್ಲಿತ್ತು, ಕ್ಲಾಕ್ ಆಫ್ ಮಾಡುವುದು ರಿಮೂವ್ ಕೈಯಲ್ಲಿತ್ತು. ಅಂದರೆ ಮೊದಲು ಕ್ಲಾಕ್ ಆಫ್, ಆಮೇಲೆ ಇಂಟರಪ್ಟ್ ಬಿಡುಗಡೆ. ನಡುವಿನ ಆ ಸಣ್ಣ ಹೊತ್ತಿನಲ್ಲಿ ಇಂಟರಪ್ಟ್ ಬಂದರೆ ಅದನ್ನು ನಿಭಾಯಿಸುವ ಹ್ಯಾಂಡ್ಲರ್ ಫಂಕ್ಷನ್ ರಿಜಿಸ್ಟರ್ ಓದುತ್ತದೆ. ಸಾಧನ ಮಲಗಿದ್ದರೆ ಓದಬೇಡ ಅನ್ನುವ ತಪಾಸಣೆ ಹ್ಯಾಂಡ್ಲರ್‌ನಲ್ಲಿ ಇತ್ತು. ಆದರೆ ರಿಮೂವ್ ಎಬ್ಬಿಸಿ, ರನ್‌ಟೈಮ್ ಪಿಎಂಗೆ ತಿಳಿಸದೆ ತಾನೇ ಆಫ್ ಮಾಡಿತ್ತಲ್ಲ? ಪಿಎಂ ಲೆಕ್ಕದಲ್ಲಿ ಸಾಧನ ಇನ್ನೂ ಎಚ್ಚರವಾಗಿಯೇ ಇತ್ತು. ಮೊದಲ ಪ್ಯಾಚ್‌ನಲ್ಲಿ ಕ್ಲಾಕ್ ಕೂಡ ಡೆವ್‌ಎಂ ಕೈಗೆ ಹೋಗಿದ್ದರಿಂದ ಇಂಟರಪ್ಟ್ ಮೊದಲು ಬಿಡುಗಡೆ ಆಗುತ್ತಿತ್ತು.

ಆ ಇಂಟರಪ್ಟ್ ಲೈನ್ ಬೇರೆ ಸಾಧನದ ಜೊತೆ ಹಂಚಿಕೊಂಡಿದ್ದು. ಹಾಗಾಗಿ ನಮ್ಮ ಸಾಧನ ಸುಮ್ಮನಿದ್ದರೂ ಹ್ಯಾಂಡ್ಲರ್ ಓಡಬಹುದು. ಇದನ್ನು ಹಿಡಿಯಲು ಕರ್ನಲ್‌ನಲ್ಲೇ ಒಂದು ಆಯ್ಕೆ ಇದೆ, ಡೀಬಗ್_ಎಸ್‌ಎಚ್‌ಐಆರ್‌ಕ್ಯೂ. ಹಂಚಿಕೊಂಡ ಇಂಟರಪ್ಟ್ ಬಿಡುಗಡೆ ಮಾಡುವಾಗ ಅದು ಬೇಕೆಂದೇ ಹ್ಯಾಂಡ್ಲರನ್ನು ಒಂದು ಸಲ ಜಾಸ್ತಿ ಕರೆಯುತ್ತದೆ. ಆ ಆಯ್ಕೆ ಹಾಕಿ ಪ್ಯಾಚ್ ಇಲ್ಲದ ಹಳೆಯ ಡ್ರೈವರನ್ನು ಅನ್‌ಲೋಡ್ ಮಾಡಿದೆ. ಗೇಟ್ ಪ್ರತ್ಯೇಕ ಇರುವ ಬೋರ್ಡ್ ಮೊದಲ ಸಲವೇ ನಿಂತುಹೋಯಿತು. ಇಷ್ಟು ದಿನ ಯಾರಿಗೂ ಇದು ತಾಕಿರಲಿಲ್ಲ.

ಈಗ ನಿರ್ಧಾರ ಮಾಡಬೇಕಿತ್ತು. ಎಲ್ಲವನ್ನೂ ಒಂದೇ ಪ್ಯಾಚ್‌ನಲ್ಲಿ ಕಳಿಸಿದರೆ ಹಳೆಯ ಆವೃತ್ತಿಗಳಿಗೆ ಈ ತಿದ್ದುಪಡಿ ಒಯ್ಯುವುದು ಕಷ್ಟ. ಚೊಕ್ಕ ಮಾಡುವ ಬದಲಾವಣೆಗಳನ್ನು ಸ್ಟೇಬಲ್ ಕರ್ನಲ್‌ಗೆ (ಈಗಾಗಲೇ ಬಿಡುಗಡೆಯಾಗಿ ತಿದ್ದುಪಡಿ ಪಡೆಯುತ್ತಿರುವ ಆವೃತ್ತಿಗೆ) ಯಾರೂ ಬಯಸುವುದಿಲ್ಲ. ಹಾಗಾಗಿ ಮೂರು ಭಾಗ ಮಾಡಲು ಕೇಳಿದೆ. ಮೊದಲನೆಯದು ಬರೀ ತಿದ್ದುಪಡಿ: ರಿಮೂವ್‌ನಲ್ಲಿ ಕ್ಲಾಕ್ ಆಫ್ ಮಾಡುವ ಮೊದಲೇ ಇಂಟರಪ್ಟ್ ಬಿಡುಗಡೆ. ಸೇರಿಸಿದ್ದು ಒಂದು ಸಾಲು, ಜೊತೆಗೆ ಯಾವ ಕಮಿಟ್‌ನಿಂದ (ಕೋಡ್‌ಗೆ ಸೇರಿ ದಾಖಲಾದ ಬದಲಾವಣೆಯಿಂದ) ತಪ್ಪು ಬಂತು ಅನ್ನುವ ಫಿಕ್ಸಸ್ ಟ್ಯಾಗ್. ಎರಡನೆಯದು ಕೇಳಿ ಆಫ್ ಮಾಡುವ ಆ್ಯಕ್ಷನ್, ಇಂಟರಪ್ಟ್ ಪಡೆಯುವ ಸಾಲಿಗಿಂತ ಮೊದಲು. ಮೂರನೆಯದು ಲೇಬಲ್‌ಗಳನ್ನು ತೆಗೆಯುವುದು. ಅವರು ಮೊದಲು ಮಾಡಲು ಹೊರಟಿದ್ದ ಕೆಲಸ ಅದೇ.

ಸಸ್ಪೆಂಡ್ ನಡೆಯುತ್ತಿರುವ ಕ್ಷಣದಲ್ಲೇ ಇಂಟರಪ್ಟ್ ಬಂದರೆ ಹ್ಯಾಂಡ್ಲರ್‌ನ ತಪಾಸಣೆ ಸಾಲದು ಅನ್ನುವುದೂ ಕಣ್ಣಿಗೆ ಬಿತ್ತು. ಅದನ್ನು ಇದೇ ಸರಣಿಗೆ ಸೇರಿಸಬೇಡಿ, ಬೇರೆಯಾಗಿ ನೋಡೋಣ ಅಂದೆ. ಮೊದಲ ಸಲ ಪ್ಯಾಚ್ ಕಳಿಸಿದವರ ಮೇಲೆ ಡ್ರೈವರ್‌ನ ಎಲ್ಲ ಹಳೆಯ ಸಾಲವನ್ನೂ ಹೇರಿದರೆ ಅವರು ಮತ್ತೆ ಬರುವುದಿಲ್ಲ.

ಆಮೇಲೆ ಆದದ್ದು

ಐದನೇ ಆವೃತ್ತಿಗೆ ಒಪ್ಪಿಗೆ ಕೊಟ್ಟೆ. ಮೊದಲ ಭಾಗ ಸ್ಟೇಬಲ್‌ಗೂ ಹೋಯಿತು.

ನನ್ನ ರಿವ್ಯೂ ಪದ್ಧತಿ ಅಲ್ಲಿಂದ ಬದಲಾಗಿದೆ. ಕ್ಲಾಕ್ ಪ್ಯಾಚ್‌ನಲ್ಲಿ ‘ಪರೀಕ್ಷೆ ಮಾಡಿದೆ’ ಅಂತ ಇದ್ದರೆ, ಮಾಡುವಾಗ ಸಾಧನ ಮಲಗಿತ್ತೋ ಎದ್ದಿತ್ತೋ ಅಂತ ಕೇಳುತ್ತೇನೆ. ಎರಡೂ ಸ್ಥಿತಿಯಲ್ಲಿ ಅನ್‌ಲೋಡ್ ಮಾಡಿಸುತ್ತೇನೆ, ಪಿಎಂ ಇಲ್ಲದ ಕರ್ನಲ್‌ನಲ್ಲಿ ಒಂದು ಸಲ ಮಾಡಿಸುತ್ತೇನೆ. ಲಾಗ್‌ನಲ್ಲಿ ಎಚ್ಚರಿಕೆ ಬರಲಿಲ್ಲ ಅನ್ನುವುದನ್ನು ಸಾಕ್ಷಿ ಅಂತ ಒಪ್ಪುವುದಿಲ್ಲ. ಕ್ಲಾಕ್ ಸಮ್ಮರಿಯ ಸಾಲು ಬೇಕು, ಲೋಡ್ ಮಾಡುವ ಮೊದಲಿನದ್ದು ಮತ್ತು ಅನ್‌ಲೋಡ್ ಆದ ಮೇಲಿನದ್ದು. ಅಳಿಸಿದ ಸಾಲುಗಳನ್ನು ಸೇರಿಸಿದ ಸಾಲುಗಳಿಗಿಂತ ನಿಧಾನವಾಗಿ ಓದುತ್ತೇನೆ. ಹಳೆಯ ಸಾಲು ಯಾಕೆ ಇತ್ತು ಅಂತ ಗೊತ್ತಾಗದಿದ್ದರೆ, ಅದನ್ನು ಸೇರಿಸಿದ ಕಮಿಟ್ ಹುಡುಕುತ್ತೇನೆ. ಈ ಡ್ರೈವರ್‌ನಲ್ಲಿ ಎಬ್ಬಿಸುವ ಸಾಲಿನ ಮೇಲೆ ಒಂದು ವಾಕ್ಯದ ಟಿಪ್ಪಣಿ ಇದ್ದಿದ್ದರೆ ಬಹುಶಃ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಹೊಸ ಆ್ಯಕ್ಷನ್ ಫಂಕ್ಷನ್ ಮೇಲೆ ಈಗ ಅಂಥ ಟಿಪ್ಪಣಿ ಇದೆ.

ಕೆಲವು ತಿಂಗಳ ನಂತರ ಅವರಿಂದ ಮತ್ತೊಂದು ಪ್ಯಾಚ್ ಬಂತು. ಬೇರೆ ಡ್ರೈವರ್, ಅದೇ ತಪ್ಪು. ಈ ಸಲ ಹುಡುಕಿದವರು ಅವರೇ. ವಿವರಣೆಯ ಕೊನೆಯಲ್ಲಿ, ನಾನು ಕೇಳುವ ಮೊದಲೇ, ಹಂಚಿಕೊಂಡ ಗೇಟ್ ಇರುವ ಬೋರ್ಡ್‌ನಿಂದ ಕ್ಲಾಕ್ ಸಮ್ಮರಿಯ ಎರಡು ಸಾಲು ಅಂಟಿಸಿದ್ದರು. ಲೋಡ್ ಮಾಡುವ ಮೊದಲು 1. ಅನ್‌ಲೋಡ್ ಆದ ಮೇಲೂ 1.